ಲಾಕಪ್ಪಿನ ಕಡೆಯಿಂದ ಸಿನಿಮಾ ಓದಿ

‘ಸಿನಿಮಾ ನೋಡಿ ಯುವಜನ ದಾರಿ ತಪ್ಪುತ್ತಿದ್ದಾರೆಯೇ?’ ಸಿನಿಮಾ ಮತ್ತು ಅಪರಾಧ ಎಂದ ಕೂಡಲೇ ನಮ್ಮ ವಿದ್ವಾಂಸರಿಗೆ ಹೊಳೆಯುವುದು ಇದೊಂದೇ ಪ್ರಶ್ನೆ. ಮಚ್ಚು, ಲಾಂಗು ತೋರಿಸಿದರೆ ಹುಡುಗರು ಮಚ್ಚು ಹಿಡಿಯುತ್ತಾರೆ ಎಂದು ಪ್ರಬಂಧ ಮಂಡಿಸುತ್ತಾರೆ, ಚಪ್ಪಾಳೆ ತಟ್ಟುತ್ತಾರೆ, ಊಟಕ್ಕೆ ಏಳುತ್ತಾರೆ. ಟಿಕೆಟ್ಟಿಗೆ ಸಾಲು ನಿಂತ ಬಡ ಹುಡುಗನನ್ನು ವಿಚಾರಣೆಯೇ ಇಲ್ಲದೆ ಕಟಕಟೆ ಹತ್ತಿಸಿ, ತೆರೆಯ ಮೇಲೆ ಲಾಠಿ ಬೀಸುವವನನ್ನು ಬಿಟ್ಟು ಕಳಿಸುವ ಈ ಪ್ರಶ್ನೆಯ ವಿರುದ್ಧವೇ ನನ್ನ ಸಿಟ್ಟು.

ಇದು ಎರವಲು ತಂದ ಪ್ರಶ್ನೆ. 1929ರಲ್ಲಿ ಅಮೆರಿಕದ ಸಮಾಜವಿಜ್ಞಾನಿಗಳು ಪೇನ್ ಫಂಡ್‌ನ ಹಣದಲ್ಲಿ, ಮಕ್ಕಳ ಮೇಲೆ ಸಿನಿಮಾ ಏನು ಮಾಡುತ್ತದೆಂದು ಅಳೆಯಲು ಹೊರಟರು. ವರದಿಗಳು 1933ರಲ್ಲಿ ಪ್ರಕಟವಾಗತೊಡಗಿದವು. ದೇಶ ಆಗ ಮಹಾ ಆರ್ಥಿಕ ಕುಸಿತದಲ್ಲಿತ್ತು, ಲಕ್ಷಾಂತರ ಜನ ಕೆಲಸ ಕಳೆದುಕೊಂಡು ಬೀದಿಯಲ್ಲಿದ್ದರು. ಆ ಹೊತ್ತಿನಲ್ಲಿ ಪಂಡಿತರನ್ನು ಕಾಡಿದ್ದು ಹುಡುಗರು ಯಾವ ಸಿನಿಮಾ ನೋಡುತ್ತಾರೆ ಎಂಬ ಚಿಂತೆ! 1934ರಲ್ಲಿ ಹಾಲಿವುಡ್ಡಿನ ಸೆನ್ಸಾರ್ ಕಟ್ಟಳೆಯಾದ ಹೇಸ್ ನಿಯಮಾವಳಿ ಬಿಗಿಯಾಯಿತು: ಕಾನೂನನ್ನು ಗೇಲಿ ಮಾಡಕೂಡದು, ಪ್ರೇಕ್ಷಕರ ಅನುಕಂಪ ಅಪರಾಧದ ಕಡೆ ವಾಲಕೂಡದು. 1931ರ ‘ದಿ ಪಬ್ಲಿಕ್ ಎನಿಮಿ’ಯಲ್ಲಿ ಗ್ಯಾಂಗ್‌ಸ್ಟರ್ ಆಗಿದ್ದ ಜೇಮ್ಸ್ ಕ್ಯಾಗ್ನಿ, 1935ರ ‘ಜಿ ಮೆನ್’ ಹೊತ್ತಿಗೆ ಸರ್ಕಾರಿ ಏಜೆಂಟನಾಗಿ ಬಂದೂಕು ಹಿಡಿದ. ಹಿಂಸೆ ಎಲ್ಲಿಗೂ ಹೋಗಲಿಲ್ಲ, ಕೈ ಬದಲಾಯಿತು. ಆಮೇಲೆ ಅದು ಯಾರಿಗೂ ಅಪರಾಧವಾಗಿ ಕಾಣಲಿಲ್ಲ.

ಈ ಪ್ರಶ್ನೆಯನ್ನು ತಿರುಗಿಸಿ ಕೇಳಿದವರೂ ಇದ್ದಾರೆ. ಅಪರಾಧ ಎಂದರೇನು, ಅಪರಾಧಿ ಯಾರು ಎಂಬ ಜನಸಾಮಾನ್ಯರ ತಿಳಿವಳಿಕೆಯನ್ನು ರೂಪಿಸುವುದೇ ಸಿನಿಮಾ ಎಂದು ಅಪರಾಧಶಾಸ್ತ್ರಜ್ಞೆ ನಿಕೋಲ್ ರಾಫ್ಟರ್ 2000ದಲ್ಲಿ ಪ್ರಕಟವಾದ ‘ಶಾಟ್ಸ್ ಇನ್ ದ ಮಿರರ್’ ಪುಸ್ತಕದಲ್ಲಿ ವಾದಿಸಿದರು. ಅದನ್ನು ಉಲ್ಲೇಖಿಸಿದರೆ ಸಾಲದು, ಆ ದಾರಿಯಲ್ಲಿ ನಮ್ಮ ನೆಲಕ್ಕೂ ಇಳಿಯಬೇಕು.

ಇಳಿದರೆ ಸಿಗುವುದೇನು? ಹುಟ್ಟು ಅಪರಾಧಿಯನ್ನು ದವಡೆ, ಕಿವಿ, ಹಣೆ ನೋಡಿ ಗುರುತಿಸಬಹುದೆಂದು ಇಟಲಿಯ ವೈದ್ಯ ಲೊಂಬ್ರೋಸೊ 1876ರಲ್ಲಿ ಬರೆದ. ಅದಕ್ಕೂ ಐದು ವರ್ಷ ಮೊದಲೇ, 1871ರಲ್ಲಿ, ಬ್ರಿಟಿಷರು ಇಲ್ಲಿ ಇಡೀ ಸಮುದಾಯಗಳನ್ನು ಅಪರಾಧಿ ಬುಡಕಟ್ಟುಗಳೆಂದು ಪಟ್ಟಿ ಮಾಡುವ ಕಾನೂನು ತಂದಿದ್ದರು. ಹುಬ್ಬಳ್ಳಿಯಲ್ಲಿ, ಗದಗ-ಬೆಟಗೇರಿಯಲ್ಲಿ ಈ ಸಮುದಾಯಗಳನ್ನು ಕೂಡಿಹಾಕುವ ಸೆಟ್ಲ್‌ಮೆಂಟ್‌ಗಳು ಎದ್ದವು. ತಾವು ಮಾಡದ ಕಳ್ಳತನಕ್ಕೆ ಜನ ಬೇಲಿಯೊಳಗೆ ಹಾಜರಿ ಕೊಟ್ಟು ಬದುಕಿದರು. 1952ರಲ್ಲಿ ಆ ಕಾನೂನು ಹೋಯಿತು, ಅನುಮಾನ ಉಳಿಯಿತು. ಜೈಲಿನ ದಾಖಲೆ ಪುಸ್ತಕಗಳಿಂದ ಜಾತಿಯ ಕಾಲಂ ತೆಗೆಯಿರಿ ಎಂದು ಸುಪ್ರೀಂ ಕೋರ್ಟ್ ಹೇಳಬೇಕಾಗಿ ಬಂದದ್ದು 2024ರ ಅಕ್ಟೋಬರಿನಲ್ಲಿ!

ನಮ್ಮ ಸಿನಿಮಾಗಳ ರೌಡಿಯ ಮುಖ ನೋಡಿ. ಕಪ್ಪು ಬಣ್ಣ, ಕೆದರಿದ ಕೂದಲು, ಕೆಂಪು ಕಣ್ಣು, ಸ್ಲಮ್ಮಿನ ಮನೆ, ಸ್ಲಮ್ಮಿನ ಮಾತು. ಇದು ಮೇಕಪ್ಪಿನ ಕೋಣೆಯಲ್ಲಿ ಇವತ್ತಿಗೂ ಬದುಕಿರುವ 1871. 2012ರ ‘ದಂಡುಪಾಳ್ಯ’ ಒಂದು ಊರಿನ ಹೆಸರನ್ನೇ ಭಯದ ಹೆಸರಾಗಿಸಿ ಹಣ ಎಣಿಸಿತು. ಆ ಹೆಸರು ಹೊತ್ತು ಬದುಕುವವರ ಗತಿಯೇನೆಂದು ಕೇಳುವುದು ಯಾರ ಕೆಲಸ?

ಇನ್ನು ಖಾಕಿಯ ಕಥೆ. ಸಾಯಿಕುಮಾರ್ ಅವರ ‘ಪೊಲೀಸ್ ಸ್ಟೋರಿ’ ಬಂದದ್ದು 1996ರಲ್ಲಿ. ಅದೇ ವರ್ಷ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಡಿ.ಕೆ. ಬಸು ಪ್ರಕರಣದ ತೀರ್ಪು ಕೊಟ್ಟಿತು: ಬಂಧಿಸಿದರೆ ಮೆಮೊ ಬರೆಯಬೇಕು, ಮನೆಯವರಿಗೆ ತಿಳಿಸಬೇಕು, 48 ಗಂಟೆಗೊಮ್ಮೆ ವೈದ್ಯರಿಂದ ತಪಾಸಣೆ ಮಾಡಿಸಬೇಕು. ಆ ಸಿನಿಮಾದ ಡೈಲಾಗುಗಳನ್ನು ನಾಡು ಬಾಯಿಪಾಠ ಮಾಡಿತು. ಈ ನಿಯಮಗಳಲ್ಲಿ ಒಂದನ್ನೂ ನಮಗೆ ಯಾರೂ ಬಾಯಿಪಾಠ ಮಾಡಿಸಲಿಲ್ಲ.

ಅದರ ಫಲ 2019ರ ಡಿಸೆಂಬರ್ 6ರಂದು ಹೈದರಾಬಾದಿನ ಹೊರವಲಯದಲ್ಲಿ ಕಂಡಿತು. ಯುವತಿಯೊಬ್ಬಳ ಅತ್ಯಾಚಾರ, ಕೊಲೆ ಪ್ರಕರಣದ ನಾಲ್ವರು ಆರೋಪಿಗಳನ್ನು ಪೊಲೀಸರು ಗುಂಡಿಟ್ಟು ಕೊಂದರು. ಜನ ಪೊಲೀಸರ ಮೇಲೆ ಹೂವು ಸುರಿದರು. ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿದೆ ಎಂದು ಈ ಘಟನೆಯ ತನಿಖೆ ನಡೆಸಿದ ಸಿರ್ಪುರ್ಕರ್ ಆಯೋಗದ ವರದಿ 2022ರಲ್ಲಿ ಹೇಳಿತು. ಆ ಹೆಣ್ಣುಮಗಳಿಗಾದ ಘೋರಕ್ಕೆ ನ್ಯಾಯಾಲಯದಲ್ಲಿ, ಸಾಕ್ಷ್ಯದ ಮೇಲೆ ತೀರ್ಪು ಬರಬೇಕಿತ್ತು. ಆ ಹಕ್ಕನ್ನೂ ಅವಳಿಂದ ಕಿತ್ತುಕೊಂಡರು. ಆ ಹೂವುಗಳನ್ನು ನಮ್ಮ ಕೈಗಿಟ್ಟದ್ದು ದಶಕಗಳ ಕಾಲ ನಾವು ಶಿಳ್ಳೆ ಹೊಡೆದು ನೋಡಿದ ಎನ್‌ಕೌಂಟರ್ ದೃಶ್ಯಗಳು. ಸಿನಿಮಾದ ಪರಿಣಾಮ ಅಳೆಯುವವರು ಇದನ್ನು ಅಳೆಯಲಿ.

ಮರಕುಂಬಿಯನ್ನೂ ನೆನೆಯಲಿ. 2014ರ ಆಗಸ್ಟಿನಲ್ಲಿ, ಗಂಗಾವತಿಯ ಚಿತ್ರಮಂದಿರದ ಜಗಳವನ್ನೇ ನೆಪ ಮಾಡಿಕೊಂಡು ಆ ಊರಿನ ದಲಿತರ ಗುಡಿಸಲುಗಳಿಗೆ ಬೆಂಕಿ ಹಚ್ಚಿದರು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಬೆಂಕಿ ಹಚ್ಚಿದವರು ಊರಿನ ಮರ್ಯಾದಸ್ಥರು. ಅವರ ಮುಖ ನಮ್ಮ ಕ್ರೈಂ ಸಿನಿಮಾದ ಅಚ್ಚಿಗೆ ಕೂರುವುದಿಲ್ಲ. ಅದಕ್ಕೇ ಎರಡು ಗ್ಯಾಂಗುಗಳ ಹೊಡೆದಾಟ ಅಪರಾಧವೆನಿಸಿಕೊಳ್ಳುತ್ತದೆ, ಜಾತಿಯ ಕ್ರೌರ್ಯ ‘ಗಲಾಟೆ’ ಎನಿಸಿಕೊಂಡು ಮರೆಗೆ ಸರಿಯುತ್ತದೆ.

ಸಿನಿಮಾಕ್ಕೆ ಬೇರೆ ದಾರಿ ಇಲ್ಲವೇ? ಇದೆ. ಮಾಡದ ತಪ್ಪನ್ನು ಒಪ್ಪಿಕೊ ಎಂದು ಪೊಲೀಸರು ಬಡಿದ ಕೊಯಮತ್ತೂರಿನ ಆಟೋ ಚಾಲಕ ಎಂ. ಚಂದ್ರಕುಮಾರ್ ತಮ್ಮ ಅನುಭವವನ್ನು ‘ಲಾಕಪ್’ ಎಂಬ ಪುಸ್ತಕವಾಗಿ ಬರೆದರು. ಅದರಿಂದ ನಿರ್ದೇಶಕ ವೆಟ್ರಿಮಾರನ್ 2015ರಲ್ಲಿ ‘ವಿಸಾರಣೈ’ ಸಿನಿಮಾ ಮಾಡಿದರು. ಪೆಟ್ಟು ತಿಂದವನ ಮೈಯಿಂದ ಹುಟ್ಟಿದ ಆ ಅಪರಾಧಶಾಸ್ತ್ರದ ಮುಂದೆ ನಮ್ಮ ಸಂಕಿರಣಗಳ ಪ್ರಬಂಧಗಳು ನಿಲ್ಲಲಾರವು.

ಹಾಗಾಗಿ ವಿಶ್ವವಿದ್ಯಾಲಯಗಳನ್ನು ಕೇಳುತ್ತೇನೆ: ಎನ್‌ಕೌಂಟರ್ ಸಿನಿಮಾದ ಪಾಠದ ಜೊತೆ ಸಿರ್ಪುರ್ಕರ್ ವರದಿಯನ್ನೂ ಓದಿಸಿ. ರೌಡಿ ಸಿನಿಮಾದ ಪಾಠದ ಜೊತೆ 1871ರ ಕಾನೂನನ್ನೂ ಮರಕುಂಬಿಯ ತೀರ್ಪನ್ನೂ ಓದಿಸಿ. ಸೆಟ್ಲ್‌ಮೆಂಟುಗಳಲ್ಲಿ ಹುಟ್ಟಿ ಬೆಳೆದವರನ್ನು ಸಂಶೋಧನೆಯ ವಸ್ತುವಾಗಿ ಕರೆಯಬೇಡಿ, ಪಾಠ ಹೇಳುವವರಾಗಿ ಕರೆಯಿರಿ. ನಮ್ಮ ಜೈಲುಗಳಲ್ಲಿರುವ ಪ್ರತಿ ನಾಲ್ವರಲ್ಲಿ ಸುಮಾರು ಮೂವರು ಇನ್ನೂ ವಿಚಾರಣಾಧೀನರು, ಅಪರಾಧ ಸಾಬೀತಾಗದವರು. ತೆರೆಯ ಮೇಲೆ ಮಾತ್ರ ಅವರೆಲ್ಲರಿಗೂ ಶಿಕ್ಷೆ ಆಗಿಹೋಗಿದೆ. ಆ ಶಿಕ್ಷೆ ಬರೆದವರು ಯಾರು, ಅದರಿಂದ ಲಾಭ ಉಂಡವರು ಯಾರು ಎಂದು ಹೆಸರಿಟ್ಟು ಹೇಳದ ಅಧ್ಯಯನ ನಮಗೆ ಬೇಡ.