ಕದ್ದಾಲಿಕೆಗೆ ಅಂಕೆ ಬೇಡವೇ?

‘ತಪ್ಪು ಮಾಡದವರಿಗೆ ಫೋನ್ ಕದ್ದಾಲಿಕೆಯ ಭಯವೇಕೆ?’ ಎಂದು ಕಳೆದ ವಾರ ಪ್ರಕಟವಾದ ಲೇಖನ ಕೇಳಿದೆ. ಸಮರ್ಥನೆಗೆ ಬ್ಯಾಡಗಿಯ ಗಲಭೆಯನ್ನು ಎಳೆದು ತಂದಿದೆ.

2024ರ ಮಾರ್ಚ್‌ನಲ್ಲಿ ಮೆಣಸಿನಕಾಯಿ ದರ ಕುಸಿದಾಗ ಎಪಿಎಂಸಿ ಕಚೇರಿ ಮೇಲೆ ದಾಳಿಯಾದದ್ದು, ವಾಹನಗಳು ಸುಟ್ಟದ್ದು ನಿಜ. ಬೆಂಕಿ ಹಚ್ಚಿದವರನ್ನು ಹಿಡಿಯಲಿ. ಆದರೆ ‘ಇವತ್ತು ದರ ಎಷ್ಟು, ನಾಳೆ ಎಲ್ಲರೂ ಸೇರೋಣವೇ’ ಎಂದು ಮಾತಾಡಿಕೊಳ್ಳುವ ರೈತರ ಫೋನಿಗೂ ಸರ್ಕಾರ ಕಿವಿಯಿಡಬೇಕೆಂದರೆ ಒಪ್ಪಲಾರೆ. 2008ರ ಜೂನ್‌ನಲ್ಲಿ ಹಾವೇರಿಯಲ್ಲಿ ಪೊಲೀಸರ ಗುಂಡು ಹಾರಿದ್ದು ಗೊಬ್ಬರ ಕೇಳಿದ ರೈತರ ಮೇಲೆ. ಅವರು ಮಾಡಿದ ತಪ್ಪೇನು?

1988ರಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಸ್ಥಾನ ಬಿಟ್ಟದ್ದು ಕದ್ದಾಲಿಕೆಯ ಆರೋಪಕ್ಕೆ. ಅಲ್ಲಿ ಪ್ರಶ್ನೆಯಿದ್ದದ್ದು ಉಗ್ರರ ಫೋನುಗಳದ್ದಲ್ಲ, ರಾಜಕಾರಣಿಗಳದ್ದು. ರಾಣೆಬೆನ್ನೂರಿನ ಶಾಸಕರೂ ಸೇರಿ ಹಲವರು ಕೈಬಿಟ್ಟು ಸಮ್ಮಿಶ್ರ ಸರ್ಕಾರ ಬಿದ್ದ 2019ರಲ್ಲಿ ಮತ್ತದೇ ಆರೋಪ. ತನಿಖೆ ಸಿಬಿಐಗೆ ಹೋಯಿತು.

ಕಾನೂನಿನ ಕಾವಲಿದೆ ಎನ್ನುತ್ತಾರೆ ಲೇಖಕರು. ಎಲ್ಲಿದೆ? ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕೆಂದದ್ದು 2017ರಲ್ಲಿ. ಆದರೂ ಕದ್ದಾಲಿಕೆ ಕುರಿತ 2024ರ ನಿಯಮಗಳಲ್ಲಿ ರಾಜ್ಯದ ಮಟ್ಟಿಗೆ ಆದೇಶ ಕೊಡುವವರು ಗೃಹ ಕಾರ್ಯದರ್ಶಿ. ಅದನ್ನು ಪರಿಶೀಲಿಸುವವರು ಮುಖ್ಯ ಕಾರ್ಯದರ್ಶಿ ನೇತೃತ್ವದ ಅಧಿಕಾರಿಗಳೇ. ನ್ಯಾಯಾಧೀಶರ ಸುಳಿವಿಲ್ಲ. ಕದ್ದಾಲಿಸಿದ್ದನ್ನು ಆ ವ್ಯಕ್ತಿಗೆ ನಂತರವಾದರೂ ತಿಳಿಸಬೇಕೆಂಬ ನಿಯಮವಿಲ್ಲ. ಗೊತ್ತೇ ಆಗದವನು ಯಾವ ಕೋರ್ಟಿನ ಮೆಟ್ಟಿಲು ಹತ್ತಬೇಕು?

ಕದ್ದಾಲಿಸಲೇಬೇಕಾದ ಪ್ರಕರಣಗಳಿದ್ದರೆ ಪೊಲೀಸರು ಮೊದಲು ನ್ಯಾಯಾಧೀಶರ ಮುಂದೆ ಕಾರಣ ಹೇಳಿ ಅನುಮತಿ ಪಡೆಯಲಿ. ಇದಕ್ಕೇನು ಅಡ್ಡಿ ಎಂಬುದನ್ನು ಲೇಖಕರು ವಿವರಿಸಬೇಕು.