ಯಂತ್ರದ ನಾಡಿ ಹಿಡಿಯುವ ಬಗೆ

ಆಷಾಢದ ಮಳೆ ಹಿಡಿಯಿತೆಂದರೆ ಮೂಡಿಗೆರೆಯಿಂದ ಕಳಸದವರೆಗೆ ಹಬ್ಬಿರುವ ಬೆಟ್ಟಸಾಲಿನಲ್ಲಿ, ಬಾಳೂರಿನಂಥ ಊರುಗಳಲ್ಲಿ, ಹಗಲಿಗೂ ಇರುಳಿಗೂ ಹೆಚ್ಚಿನ ಅಂತರ ಉಳಿಯದು. ಕಾಫಿ ಗಿಡಗಳ ಮೇಲೆ, ಸಿಲ್ವರ್ ಓಕ್ ಮರಗಳ ಮೇಲೆ, ಆ ಮರಗಳನ್ನು ತಬ್ಬಿದ ಮೆಣಸಿನ ಬಳ್ಳಿಗಳ ಮೇಲೆ ಒಂದೇ ಸಮನೆ ಮಳೆ ಸುರಿಯುತ್ತದೆ. ತೋಟದ ಮನೆಗೂ ಇನ್ನೊಂದು ಮನೆಗೂ ಎಷ್ಟೋ ದೂರ. ಇಂಥ ದಿನಗಳಲ್ಲಿ ನಡುಮನೆಯ ಟಿವಿ ಶೋಕಿಯ ವಸ್ತುವಲ್ಲ. ಮಾತನಾಡುವ ನೆರೆಮನೆಯೇ ಸರಿ. ಅದು ಮೂಕವಾದರೆ ಆಗುವ ಸಂಕಟವನ್ನು ಪೇಟೆಯವರು ಊಹಿಸುವುದು ಕಷ್ಟ.

ಅಂಥ ಮನೆಯೊಂದನ್ನು ವಾಚಕರು ಕಲ್ಪಿಸಿಕೊಳ್ಳಲಿ. ನಿವೃತ್ತರಾದ ಒಬ್ಬ ಉಪಾಧ್ಯಾಯರು, ಅವರ ಪತ್ನಿ, ಮಕ್ಕಳೆಲ್ಲ ಬೆಂಗಳೂರಿನಲ್ಲಿ. ಇಂಜಿನಿಯರಿಂಗ್ ಓದುವ ಮೊಮ್ಮಗ ಹಿಂದಿನ ರಜೆಯಲ್ಲಿ ಬಂದಿದ್ದಾಗ ಮೂಲೆ ಸೇರಿದ್ದ ಹಳೆಯ ಕಂಪ್ಯೂಟರೊಂದನ್ನು ಒರೆಸಿ, ಟಿವಿಗೆ ಜೋಡಿಸಿ, ಅದಕ್ಕೊಂದು ಹೊಸ ಬಾಳು ಕೊಟ್ಟಿದ್ದ. ಅದರಲ್ಲಿ ನಡೆಯುತ್ತಿದ್ದುದು ಲಿನಕ್ಸ್. ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ 1991ರ ಆಗಸ್ಟ್ 25ರಂದು ಲೋಕಕ್ಕೆ ತಿಳಿಸಿದ, ಇಂದಿಗೂ ಯಾರು ಬೇಕಾದರೂ ತಿದ್ದಿ ಹಂಚಬಹುದಾದ ವ್ಯವಸ್ಥೆ ಅದು. ಅದರ ಮೇಲೆ ಕೋಡಿ ಎಂಬ ತಂತ್ರಾಂಶ. 2014ರವರೆಗೆ ಇದಕ್ಕೆ ಎಕ್ಸ್‌ಬಿಎಂಸಿ ಎಂದು ಹೆಸರಿತ್ತು. ಹಾಡು, ಚಲನಚಿತ್ರ, ಮನೆಯ ಚಿತ್ರಗಳು, ಟಿವಿ ವಾಹಿನಿಗಳು ಎಲ್ಲವನ್ನೂ ಒಂದೇ ಪರದೆಯ ಮೇಲೆ ಓರಣವಾಗಿ ಇಡುವುದು ಅದರ ಕೆಲಸ. ಮಾಡಿನ ಮೇಲಿದ್ದ ತಟ್ಟೆಯಿಂದ ದೂರದರ್ಶನದ ಫ್ರೀ ಡಿಶ್ ಸೇವೆ ಬರುತ್ತಿತ್ತು. 2004ರ ಡಿಸೆಂಬರಿನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಿಂದ ಆರಂಭವಾದ ಈ ಸೇವೆಗೆ ತಿಂಗಳ ಶುಲ್ಕವಿಲ್ಲ; ಚಂದನ ವಾಹಿನಿಯೂ ಅದರಲ್ಲಿದೆ. ತಟ್ಟೆಯಿಂದ ಬಂದ ಸಂಕೇತವನ್ನು ಕಂಪ್ಯೂಟರಿಗೆ ತಿಳಿಯುವಂತೆ ಮಾಡಲು ಟ್ಯೂನರ್ ಎಂಬ ಚಿಕ್ಕ ಸಾಧನವೊಂದು ನಡುವೆ ಇತ್ತು.

ಆ ಕಂಪ್ಯೂಟರಿನ ಡಿಸ್ಕಿನಲ್ಲಿ ಬೆಲೆ ಕಟ್ಟಲಾಗದ ಸೊತ್ತೊಂದಿತ್ತು. ಅಜ್ಜಿಯ ತಾಯಿ ಮದುವೆಮನೆಗಳಲ್ಲಿ ಹಾಡುತ್ತಿದ್ದ ಸೋಬಾನೆ ಪದಗಳನ್ನು ಹಿಂದೆ ಯಾರೋ ಕ್ಯಾಸೆಟ್ಟಿಗೆ ತುಂಬಿದ್ದರು. ಮಲೆನಾಡಿನ ತೇವಕ್ಕೆ ಕ್ಯಾಸೆಟ್ಟುಗಳು ಬೂಷ್ಟು ಹಿಡಿದು ಹಾಳಾದವು. ಹಾಳಾಗುವ ಮುನ್ನ ಮೊಮ್ಮಗ ಡಿಸ್ಕಿಗೆ ಇಳಿಸಿಟ್ಟ ಪ್ರತಿಯೊಂದೇ ಉಳಿದಿತ್ತು.

ಮುಂಗಾರಿಗೆ ಮೊದಲು ಬಿದ್ದ ಸಿಡಿಲಿಗೆ ಟ್ಯೂನರ್ ಸುಟ್ಟುಹೋಯಿತು. ಅದೇ ಹೆಸರಿನ, ಅದೇ ಬಣ್ಣದ ಪೆಟ್ಟಿಗೆಯ ಹೊಸತೊಂದನ್ನು ತರಿಸಿ ಚುಚ್ಚಿದರೆ, ಪರದೆಯ ಮೇಲೆ ಒಂದು ವಾಹಿನಿಯೂ ಇಲ್ಲ. ಪೇಟೆಯ ಅಂಗಡಿಯಾತ ನೋಡಿ, "ಈ ಲಿನಕ್ಸಿಗೆ ಇದೆಲ್ಲ ಹೊಂದುವುದಿಲ್ಲ ಮೇಷ್ಟ್ರೇ. ಡಿಸ್ಕನ್ನು ಪೂರ್ತಿ ಅಳಿಸಿ ಬೇರೆ ವ್ಯವಸ್ಥೆ ಹಾಕಿಬಿಡೋಣ" ಎಂದ. ಹೇಳಿದವನಲ್ಲಿ ಕಪಟವಿರಲಿಲ್ಲ. ತನಗೆ ತಿಳಿಯದ ರೋಗಕ್ಕೆ ತನಗೆ ತಿಳಿದ ಒಂದೇ ಮದ್ದನ್ನು ಹೇಳಿದ್ದ, ಅಷ್ಟೆ.

ಮೊಮ್ಮಗ ಊರಿಗೆ ಬಂದವನೇ ಕೇಳಿದ ಮೊದಲ ಪ್ರಶ್ನೆ: "ಅಜ್ಜಯ್ಯ, ಡಿಸ್ಕನ್ನು ಯಾರ ಕೈಗೂ ಕೊಟ್ಟಿಲ್ಲವಷ್ಟೆ?"

"ನಿನ್ನ ಅಜ್ಜಿ ಬಿಟ್ಟರೆ ತಾನೆ ಕೊಡುವುದು, ಮಾರಾಯ! ಸೆರಗಿಗೆ ಗಂಟು ಹಾಕಿಕೊಳ್ಳುವುದೊಂದು ಬಾಕಿ."

ಹುಡುಗ ಮಾಡಿದ ಮೊದಲ ಕೆಲಸ ರಿಪೇರಿಯಲ್ಲ. ಆ ಹಾಡುಗಳನ್ನು ಇನ್ನೊಂದು ಡಿಸ್ಕಿಗೆ ಪ್ರತಿಮಾಡಿದ್ದು. ಇದನ್ನು ವಾಚಕರು ಮುಖ್ಯವಾಗಿ ಗಮನಿಸಬೇಕು. ಕೆಟ್ಟ ಯಂತ್ರವನ್ನು ಕೊಳ್ಳಬಹುದು, ಕೆಟ್ಟ ತಂತ್ರಾಂಶವನ್ನು ಮತ್ತೆ ಹಾಕಬಹುದು. ಅಳಿಸಿಹೋದ ದನಿಯನ್ನು ತರುವ ಅಂಗಡಿ ಎಲ್ಲಿಯೂ ಇಲ್ಲ.

ಆ ಬಳಿಕ ನಾಡಿ ಹಿಡಿಯುವ ಕೆಲಸ. ಬಲ್ಲ ವೈದ್ಯನು ಹೇಗೆ ರೋಗಿಯನ್ನು ಮಾತನಾಡಿಸದೆ ಮದ್ದು ಅರೆಯುವುದಿಲ್ಲವೋ, ಹಾಗೆಯೇ ಯಂತ್ರವನ್ನೂ ಮೊದಲು ಮಾತನಾಡಿಸಬೇಕು. ಯುಎಸ್‌ಬಿ ಮೂಲಕ ಸೇರಿಸುವ ಪ್ರತಿಯೊಂದು ಸಾಧನವೂ ಎರಡು ಅಂಕಿಗಳನ್ನು ತನ್ನೊಳಗೆ ಹೊತ್ತಿರುತ್ತದೆ: ಒಂದು ತಯಾರಕರದು, ಇನ್ನೊಂದು ಸರಕಿನದು. ಒಂದೊಂದರಲ್ಲಿಯೂ ನಾಲ್ಕು ಸ್ಥಾನ. ಒಂದೊಂದು ಸ್ಥಾನದಲ್ಲಿ ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಯೋ, ಎ ಯಿಂದ ಎಫ್ ವರೆಗಿನ ಅಕ್ಷರವೋ ಇರುತ್ತದೆ. ಲಿನಕ್ಸಿನಲ್ಲಿ ಎಲ್‌ಎಸ್‌ಯುಎಸ್‌ಬಿ ಎಂಬ ಆಜ್ಞೆ ಕೊಟ್ಟರೆ ಈ ಅಂಕಿಗಳು ತೆರೆದುಕೊಳ್ಳುತ್ತವೆ. ಅಂಕಿಗಳು ಕಂಡವೆಂದರೆ ತಂತಿಯೂ ಸಾಧನವೂ ಬದುಕಿವೆ ಎಂದು ಅರ್ಥ. ಕಾಣದಿದ್ದರೆ ತಂತ್ರಾಂಶವನ್ನು ತಿದ್ದುವುದು ವ್ಯರ್ಥ, ಮೊದಲು ತಂತಿಯನ್ನು ಬದಲಿಸಿ ನೋಡಬೇಕು.

ಹುಡುಗನಿಗೆ ಅಂಕಿಗಳು ಕಂಡವು. ಆದರೆ ಅವು ಹಳೆಯ ಟ್ಯೂನರಿನ ಅಂಕಿಗಳಾಗಿರಲಿಲ್ಲ! ಗುಟ್ಟು ಇರುವುದು ಇಲ್ಲಿಯೇ. ಪೆಟ್ಟಿಗೆಯ ಮೇಲಿನ ಹೆಸರು ವ್ಯಾಪಾರಕ್ಕಾಗಿ ಇಟ್ಟದ್ದು. ಹೆಸರನ್ನು ಹಾಗೆಯೇ ಉಳಿಸಿಕೊಂಡು ಒಳಗಿನ ಚಿಪ್ಪನ್ನು ಬದಲಿಸುವುದು ಈ ವ್ಯಾಪಾರದಲ್ಲಿ ಅಪರೂಪವಲ್ಲ. ಲಿನಕ್ಸಿಗಾದರೋ ಪೆಟ್ಟಿಗೆಯ ಹೆಸರು ತಿಳಿಯದು. ಒಳಗಿನ ಅಂಕಿಯನ್ನು ನೋಡಿಯೇ ಅದು ತಕ್ಕ ಡ್ರೈವರನ್ನು, ಎಂದರೆ ಆ ಸಾಧನವನ್ನು ನಡೆಸಬಲ್ಲ ಚಾಲಕ ತಂತ್ರಾಂಶವನ್ನು, ಹುಡುಕುತ್ತದೆ. ಆದಕಾರಣ "ಈ ಸಾಧನಕ್ಕೆ ಲಿನಕ್ಸಿನಲ್ಲಿ ಬೆಂಬಲವುಂಟೆ?" ಎಂಬ ಪ್ರಶ್ನೆಯೇ ಅರ್ಧ ತಪ್ಪು. "ಇದರೊಳಗಿನ ಚಿಪ್ಪು ಯಾವುದು?" ಎಂದು ಕೇಳಬೇಕು.

ಎರಡನೆಯದಾಗಿ, ಯಂತ್ರದ ದಿನಚರಿಯನ್ನು ಓದಬೇಕು. ಲಿನಕ್ಸಿನ ತಿರುಳಾದ ಕರ್ನೆಲ್, ತಾನು ಕಂಡದ್ದನ್ನೂ ತನಗೆ ಒದಗದೆ ಹೋದದ್ದನ್ನೂ ಸಾಲು ಸಾಲಾಗಿ ಬರೆದಿಡುತ್ತದೆ. ಡಿಮೆಸೆಜ್ ಎಂಬ ಆಜ್ಞೆ ಆ ಬರಹವನ್ನು ತೋರಿಸುತ್ತದೆ. ಅದರಲ್ಲಿ ಹುಡುಗನಿಗೆ ಸಿಕ್ಕಿದ ಸಾಲು ಇಷ್ಟು: ಡ್ರೈವರ್ ಎದ್ದಿದೆ, ಆದರೆ ಫರ್ಮ್‌ವೇರ್ ಸಿಗಲಿಲ್ಲ, ದೋಷ ಮೈನಸ್ 2. ಈ ಅಂಕಿಯಲ್ಲಿ ಮಂತ್ರವೇನೂ ಇಲ್ಲ. "ಆ ಹೆಸರಿನ ಕಡತ ಇಲ್ಲ" ಎಂಬುದೇ ಅದರ ಅರ್ಥ.

ಫರ್ಮ್‌ವೇರ್ ಎಂದರೆ ಚಿಪ್ಪಿಗೆ ಹೇಳಿಕೊಡಬೇಕಾದ ಪಾಠ. ಇಂಥ ಅನೇಕ ಚಿಪ್ಪುಗಳು ವಿದ್ಯುತ್ ಹೋದೊಡನೆ ಕಲಿತದ್ದನ್ನೆಲ್ಲ ಮರೆಯುತ್ತವೆ. ಮತ್ತೆ ಎದ್ದಾಗ ಕಂಪ್ಯೂಟರೇ ಮೊದಲಿನಿಂದ ಪಾಠ ಹೇಳಬೇಕು. ಆ ಪಾಠದ ಕಡತದ ಹಕ್ಕು ಚಿಪ್ಪಿನ ತಯಾರಕರದು. ಅವರು ಹಂಚಲು ಅನುಮತಿ ಕೊಟ್ಟಿದ್ದರೆ ಅದು ಲಿನಕ್ಸಿನೊಡನೆಯೇ ಮನೆಗೆ ಬರುತ್ತದೆ. ಕೊಡದಿದ್ದರೆ ಬಳಸುವವನೇ ಹುಡುಕಿ ತಂದು ಅದಕ್ಕೆ ಗೊತ್ತಾದ ಜಾಗದಲ್ಲಿ ಇಡಬೇಕು. ಸಾಧನ ಸರಿಯಾಗಿದೆ, ಲಿನಕ್ಸೂ ಸರಿಯಾಗಿದೆ. ನಡುವೆ ಒಂದು ಅನುಮತಿಯ ಪತ್ರ ಮಾತ್ರ ಇಲ್ಲ!

ಈ ಬಗೆಯ ಬೇಲಿ ಹೊಸದಲ್ಲ. 1980ರ ಸುಮಾರಿಗೆ ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಪ್ರಯೋಗಶಾಲೆಗೆ ಹೊಸದೊಂದು ಮುದ್ರಣಯಂತ್ರ ಬಂದಿತು. ಹಳೆಯ ಯಂತ್ರದಲ್ಲಿ ಕಾಗದ ಸಿಕ್ಕಿಕೊಂಡರೆ ಕಾದಿರುವವರಿಗೆ ಸುದ್ದಿ ಮುಟ್ಟುವಂತೆ ಅಲ್ಲಿಯ ರಿಚರ್ಡ್ ಸ್ಟಾಲ್‌ಮನ್ ಏರ್ಪಾಡು ಮಾಡಿದ್ದರು. ಹೊಸ ಯಂತ್ರಕ್ಕೂ ಅದನ್ನೇ ಮಾಡಹೊರಟಾಗ ಅದರ ತಂತ್ರಾಂಶದ ಮೂಲಪಾಠ ಅವರಿಗೆ ದೊರೆಯಲಿಲ್ಲ. ತಿದ್ದುವ ಶಕ್ತಿಯುಳ್ಳವನು ಕೈಕಟ್ಟಿ ಕೂರಬೇಕಾಯಿತು. ಅಂಥ ಅನುಭವದ ಬೇಗೆಯಿಂದಲೇ ಅವರು 1983ರ ಸೆಪ್ಟೆಂಬರ್ 27ರಂದು ಗ್ನೂ ಯೋಜನೆಯನ್ನು ಸಾರಿದರು. ಮುಂದೆ ಲಿನಕ್ಸ್ ಕರ್ನೆಲ್ ಈ ಯೋಜನೆಯ ತಂತ್ರಾಂಶಗಳೊಡನೆ ಕೂಡಿಯೇ ಪೂರ್ಣ ವ್ಯವಸ್ಥೆಯಾಯಿತು.

ಇನ್ನೊಂದು ಉದಾಹರಣೆ ಹೆಚ್ಚು ಈಚಿನದು. 2012ರ ಫೆಬ್ರವರಿ 29ರಂದು ಮಾರಾಟಕ್ಕೆ ಬಂದ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್, ಮನೆಯ ಮನರಂಜನೆಗೆ ಬಹು ಜನ ಒಪ್ಪಿದ ಸಾಧನ. ಎಂಪೆಗ್-2 ಎಂಬ ಬಗೆಯ ಚಿತ್ರಗಳನ್ನು ಬಿಡಿಸಬಲ್ಲ ಭಾಗ ಅದರ ಚಿಪ್ಪಿನಲ್ಲಿತ್ತು, ಆದರೆ ಬೀಗ ಹಾಕಿತ್ತು. ಪೇಟೆಂಟಿನ ಶುಲ್ಕವೇ ಆ ಬೀಗ. ಬೇಕೆಂದವರು ಅದೇ ವರ್ಷದ ಆಗಸ್ಟಿನಿಂದ ಚಿಕ್ಕ ಮೊತ್ತ ತೆತ್ತು ಕೀಲಿಯ ಅಂಕಿಯನ್ನು ಕೊಳ್ಳಬಹುದಾಯಿತು. ಕೈಯಲ್ಲಿರುವ ವಸ್ತು ಕೆಲಸ ಮಾಡದಿದ್ದರೆ ಅದು ಕೆಟ್ಟಿದೆಯೆಂದೇ ತಿಳಿಯಬಾರದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕೆ?

ಬಾಳೂರಿನ ಹುಡುಗನ ಬಳಿ ಈಗ ಬೇಕಾದ ಕಡತದ ಹೆಸರಿತ್ತು. ತರಿಸಿಕೊಳ್ಳಲು ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಗೊರಬಿನ ಬದಲು ಪ್ಲಾಸ್ಟಿಕ್ ಹೊದ್ದು ಬಸ್ಸು ಹಿಡಿದು, ನೀರುದೋಸೆಗೆ ಹೆಸರಾದ ಕೊಟ್ಟಿಗೆಹಾರದವರೆಗೆ ಹೋಗಿಬಂದ. ತಂದದ್ದು ಕೆಲವೇ ಕಿಲೋಬೈಟಿನ ಕಡತ, ಒಂದು ಛಾಯಾಚಿತ್ರದಷ್ಟೂ ಇಲ್ಲ. ಅದನ್ನು ಗೊತ್ತಾದ ಜಾಗದಲ್ಲಿಟ್ಟು ಯಂತ್ರವನ್ನು ಮತ್ತೆ ಎಬ್ಬಿಸಿದಾಗ ದಿನಚರಿಯ ದೋಷದ ಸಾಲು ಮಾಯವಾಯಿತು. ಟ್ಯೂನರ್ ಎದ್ದಿತು.

ಆದರೂ ಚಿತ್ರ ಬರಲಿಲ್ಲ! ಅಜ್ಜಯ್ಯನ ಮುಖ ಸಣ್ಣಗಾಯಿತು. ಹುಡುಗ ಮೂರನೆಯ ಮೆಟ್ಟಿಲಿಗೆ ಬಂದ: ವಿದ್ಯುತ್ತು. ತಟ್ಟೆಯ ಮುಂದೆ ಚಾಚಿಕೊಂಡಿರುವ ಗ್ರಾಹಕಕ್ಕೆ ಟ್ಯೂನರಿನಿಂದ 13 ಅಥವಾ 18 ವೋಲ್ಟ್ ಹೋಗಬೇಕು. ಯುಎಸ್‌ಬಿಯಲ್ಲಿರುವುದು 5 ವೋಲ್ಟ್ ಮಾತ್ರ. ಆದ್ದರಿಂದಲೇ ಇಂಥ ಟ್ಯೂನರಿಗೆ ಬೇರೆ ಅಡಾಪ್ಟರ್ ಇರುತ್ತದೆ. ಹಳೆಯ ಅಡಾಪ್ಟರನ್ನೇ ಗೋಡೆಯಲ್ಲಿ ಬಿಟ್ಟಿದ್ದರು. ಟ್ಯೂನರನ್ನು ಸುಟ್ಟ ಸಿಡಿಲು ಅದನ್ನೂ ಬಿಟ್ಟಿರಲಿಲ್ಲ. ಹೊಸದನ್ನು ಚುಚ್ಚಿದಾಗ ವಾಹಿನಿಗಳು ಸಾಲಾಗಿ ಬಂದವು. ಚಿತ್ರ ಬಂದಿತು, ದನಿಯಿಲ್ಲ! ಇದು ಕೊನೆಯ ಮತ್ತು ಅತಿ ಸಾಮಾನ್ಯವಾದ ತೊಡಕು. ಕಂಪ್ಯೂಟರಿಗೆ ದನಿಯನ್ನು ಹೊರಬಿಡುವ ಬಾಯಿಗಳು ಒಂದಕ್ಕಿಂತ ಹೆಚ್ಚು; ಅದು ಸ್ಪೀಕರಿನ ತೂತಿನಲ್ಲಿ ಹಾಡುತ್ತಿದ್ದರೆ ಎಚ್‌ಡಿಎಂಐ ತಂತಿಯ ತುದಿಯ ಟಿವಿಗೆ ಕೇಳುವುದೆಂತು? ಕೋಡಿಯ ಧ್ವನಿ ವ್ಯವಸ್ಥೆಯಲ್ಲಿ ಒಂದು ಆಯ್ಕೆಯನ್ನು ಬದಲಿಸಿದೊಡನೆ ವಾರ್ತೆ ಓದುವವರ ದನಿ ಮನೆ ತುಂಬಿತು.

ಅಷ್ಟರಲ್ಲಿ ಮಳೆ ಜೋರಾಗಿ, ಚಿತ್ರ ಚೂರುಚೂರಾಗಿ ನಿಂತಿತು. ಅಜ್ಜಯ್ಯ ಎದ್ದು ತಂತಿ ಅಲುಗಿಸಹೊರಟರು. ಹುಡುಗ ತಡೆದ: "ಬಿಡಿ ಅಜ್ಜಯ್ಯ, ಇದು ಯಂತ್ರದ ರೋಗವಲ್ಲ, ಮಳೆಯದು." ಫ್ರೀ ಡಿಶ್ ಬರುವ ಜಿಸ್ಯಾಟ್-15 ಉಪಗ್ರಹ 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಬಾಳೂರಿನ ಕಡೆಯಿಂದ ನೋಡಿದರೆ ಆಗ್ನೇಯದಲ್ಲಿ, ನೆಲದಿಂದ ಸುಮಾರು 64 ಡಿಗ್ರಿ ಎತ್ತರದಲ್ಲಿ. ಅದರ ಅಲೆಗಳ ಉದ್ದ ಮೂರು ಸೆಂಟಿಮೀಟರಿಗೂ ಕಡಿಮೆ. ದಟ್ಟ ಮಳೆಯ ಹನಿಗಳೂ ಆ ದಾರಿಗೆ ಅಡ್ಡ ಬೆಳೆದ ಮರದ ತೊಯ್ದ ಎಲೆಗಳೂ ಅವನ್ನು ಹೀರಿಬಿಡುತ್ತವೆ. ಮರದ ಕೊಂಬೆ ಕಡಿಸಬಹುದು. ಮಳೆ ನಿಲ್ಲುವವರೆಗೆ ಕಾಯಬೇಕು. ಯಾವುದು ತನ್ನಿಂದ ಸರಿಹೋಗುವ ದೋಷ, ಯಾವುದು ಅಲ್ಲ ಎಂದು ತಿಳಿಯುವುದೂ ರಿಪೇರಿಯ ಒಂದು ಅಂಗ. ತಾಳಿದವನು ಬಾಳಿಯಾನು ಎಂಬ ಗಾದೆ ಇಲ್ಲಿಗೂ ಸಲ್ಲುತ್ತದೆ.

ಇದೇ ಮೂಡಿಗೆರೆಯ ತೋಟದಲ್ಲಿ ಬಾಳಿ 2007ರಲ್ಲಿ ತೀರಿಕೊಂಡ ಪೂರ್ಣಚಂದ್ರ ತೇಜಸ್ವಿಯವರು, ಕಂಪ್ಯೂಟರಿನಲ್ಲಿ ಕನ್ನಡ ನಿಲ್ಲಬೇಕಾದರೆ ಅದರ ತಂತ್ರಾಂಶ ಕನ್ನಡಿಗರ ಕೈಗೆ ಬರಬೇಕೆಂದು ಕಳಕಳಿಪಟ್ಟವರು. ಕಾಡಿನ ಅಂಚಿನ ಮನೆಗೆ ಯಂತ್ರವೊಂದು ಬರುವುದು ದೊಡ್ಡದಲ್ಲ. ಅದನ್ನು ಬಿಚ್ಚಿ ನೋಡುವ ಹಕ್ಕೂ ತಿಳಿವೂ ಜತೆಯಲ್ಲಿ ಬಂದರೆ ಮಾತ್ರ ಅದು ಆ ಮನೆಯದಾಗುತ್ತದೆ.

ಆ ರಾತ್ರಿ ಮಳೆ ನಿಲ್ಲಲಿಲ್ಲ, ಚಂದನ ವಾಹಿನಿ ಬರಲಿಲ್ಲ. ಅಜ್ಜಿ ಮೆಲ್ಲನೆ, "ಮಗಾ, ಅಮ್ಮನ ಹಾಡು ಹಾಕು" ಎಂದರು. ಅದಕ್ಕೆ ಉಪಗ್ರಹವೂ ಬೇಡ, ಟ್ಯೂನರೂ ಬೇಡ. ಮಳೆಯ ಸದ್ದಿನ ನಡುವೆ ಸೋಬಾನೆಯ ದನಿ ಎದ್ದಿತು. ಅಜ್ಜಯ್ಯ, ಅಂಗಡಿಯಾತ ಅಳಿಸಲು ಹೊರಟಿದ್ದ ಆ ಡಿಸ್ಕಿನ ಕಡೆಗೊಮ್ಮೆ ನೋಡಿ, ಏನೂ ಹೇಳದೆ ದೀಪ ಸಣ್ಣದು ಮಾಡಿ ಕುಳಿತರು.