ಐವತ್ತೊಂಬತ್ತೂವರೆಯ ಗಡಿ

ಅಮೆರಿಕದಿಂದ ಊರಿಗೆ ವಾಪಸಾಗುವ ನಮ್ಮ ಹುಡುಗರು ಹೊರಡುವ ಗಡಿಬಿಡಿಯಲ್ಲಿ ಐಆರ್‌ಎ ಎಂಬ ನಿವೃತ್ತಿ ಖಾತೆ ಒಡೆದು ಹಣ ತೆಗೆಯುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಕಟ್ಟುವಾಗ ತೆರಿಗೆ ವಿನಾಯಿತಿ ಪಡೆದ ಹಣವನ್ನು 59½ ವರ್ಷಕ್ಕೆ ಮೊದಲೇ ತೆಗೆದರೆ ಸಾಮಾನ್ಯವಾಗಿ ಶೇ. 10 ದಂಡ, ಅದರ ಮೇಲೆ ಆದಾಯ ತೆರಿಗೆ. ಮೊದಲ ಮನೆ ಕೊಳ್ಳುವಂಥ ಕೆಲವು ಕಾರಣಗಳಿಗೆ ಮಾತ್ರ ದಂಡ ಮಾಫಿ. ಕಳೆದ ವರ್ಷ ನನ್ನ ಅಕ್ಕನ ಮಗ ಹೀಗೆ ಹೊರಟಿದ್ದ. ಲಕೋಟೆಯ ಹಿಂಬದಿಯಲ್ಲೇ ಲೆಕ್ಕ ಹಾಕಿದೆವು: 10,000 ಡಾಲರ್ ತೆಗೆದರೆ 1,000 ದಂಡ, ಅವನ ಶೇ. 22ರ ದರದಲ್ಲಿ ತೆರಿಗೆ 2,200. ಕೈಗೆ ಬರುವುದು 6,800. ಪೆನ್ನು ಕೆಳಗಿಟ್ಟ. ಖಾತೆಯನ್ನು ಹಾಗೇ ಬಿಟ್ಟು ಬರಲು ಕಾನೂನು ಅಡ್ಡಿ ಮಾಡುವುದಿಲ್ಲ. 1998ರಲ್ಲಿ ಬಂದ ರಾತ್ ಐಆರ್‌ಎ ಇನ್ನೊಂದು ಬಗೆ. ತೆರಿಗೆ ಕಟ್ಟಿ ಉಳಿದ ದುಡ್ಡನ್ನೇ ಅದಕ್ಕೆ ಹಾಕುವುದರಿಂದ, ಹಾಕಿದ ಅಸಲನ್ನು ಯಾವಾಗ ಬೇಕಾದರೂ ತೆಗೆಯಬಹುದು. ಗಳಿಕೆಗೆ ಮಾತ್ರ ವಯಸ್ಸಿನ ಗಡಿಯ ಜೊತೆ ಐದು ವರ್ಷದ ಕಾಯುವಿಕೆ. 2025ರಲ್ಲಿ ಹಣ ಹಾಕಲು ಇದ್ದ ವರ್ಷದ ಮಿತಿ 7,000 ಡಾಲರ್, ಐವತ್ತು ತುಂಬಿದವರಿಗೆ ಇನ್ನೊಂದು ಸಾವಿರ. ಖಾತೆಗೆ ಹಾಕಲು ದುಡಿಮೆಯ ಆದಾಯ ಬೇಕೆಂಬ ನಿಯಮ ಕೇಳಿ, ಗಂಡನ ವೀಸಾದ ಮೇಲೆ ಹೋಗಿ ಕೆಲಸ ಮಾಡಲಾಗದೆ ಕೂತ ಎಷ್ಟೋ ಹೆಣ್ಣುಮಕ್ಕಳು ಇದು ತಮಗಲ್ಲ ಎಂದುಕೊಂಡಿದ್ದಾರೆ. ಹಾಗೇನಿಲ್ಲ. ದಂಪತಿ ಜಂಟಿಯಾಗಿ ತೆರಿಗೆ ಲೆಕ್ಕ ಸಲ್ಲಿಸಿದರೆ ಗಂಡನ ಗಳಿಕೆಯ ಬಲದಲ್ಲೇ ಹೆಂಡತಿಯೂ ಹಣ ಹಾಕಬಹುದು, ಅದೂ ಆಕೆಯ ಒಬ್ಬಳದೇ ಹೆಸರಿನ ಖಾತೆಗೆ.